ಹಳೇ ಲಿವರ್ ಮಷೀನು: ಮೇ ತಿಂಗಳಿಂದ ಕೈಲ್ ಮುಹೂರ್ತದವರೆಗೆ

ಮೂರು ತಿಂಗಳು ಒದ್ದಾಡಿದ ಮೇಲೆ ಈ ಮಷೀನಿನಿಂದ ಕುಡಿಯುವ ಹಾಗಿರುವ ಕಾಫಿ ಬಂತು. ಮರೆಯುವ ಮುಂಚೆ ಬರೆದಿಡೋಣ ಅಂತ ಕೂತಿದ್ದೇನೆ. ತಾರೀಕುಗಳೆಲ್ಲ ಗೋಡೆ ಕ್ಯಾಲೆಂಡರ್‌ನಲ್ಲಿ ಗೀಚಿಕೊಂಡಿದ್ದವು. ಅಪ್ಪ ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ ನಾನೂ ಬರೆದಿದ್ದರಿಂದ ಕೆಲವು ಕಡೆ "ವಾಶರ್ 2" ಯಾವುದು, "ಹಾಲು 2" ಯಾವುದು ಅಂತ ತಿಳಿಯುತ್ತಿಲ್ಲ.

ಮಷೀನು ಲಾ ಪಾವೋನಿ ಯೂರೋಪಿಕೋಲಾ. ಮಿಲಾನ್‌ನ ಕಂಪನಿ, 1961ರಿಂದ ಈ ಮಾಡೆಲ್ ಮಾಡುತ್ತಿದ್ದಾರೆ. ಒಳಗೆ ಪಂಪ್ ಇಲ್ಲ, ಲಿವರ್‌ಗೆ ಸ್ಪ್ರಿಂಗೂ ಇಲ್ಲ. ಒಂದು ಹಿತ್ತಾಳೆ ಬಾಯ್ಲರ್, ಅದರ ಮೂತಿಗೆ ಒಂದು ಪಿಸ್ಟನ್, ಅದನ್ನು ಎತ್ತಿ ಒತ್ತಲು ಉದ್ದದ ಹಿಡಿ. ನೀರು ಕಾಯಿಸುವುದು ಕರೆಂಟು, ಕಾಫಿ ಹಿಂಡುವುದು ನಮ್ಮ ತೋಳು.

ಮೇ 24

ಬೆಂಗಳೂರಿನಲ್ಲಿ ಮನೆ ಖಾಲಿ ಮಾಡುತ್ತಿದ್ದವರಿಂದ 14,500 ರೂಪಾಯಿಗೆ ಕೊಂಡೆ. "ಎರಡು ವರ್ಷ ಮುಟ್ಟಿಲ್ಲ, ಆದ್ರೆ ವರ್ಕಿಂಗ್ ಕಂಡೀಷನ್" ಅಂದರು. ಬಸ್ ಪಾರ್ಸೆಲ್‌ನಲ್ಲಿ ಕುಶಾಲನಗರಕ್ಕೆ ಬಂತು, 350 ರೂಪಾಯಿ. ಅಲ್ಲಿಂದ ಸುಂಟಿಕೊಪ್ಪದ ಹತ್ತಿರದ ನಮ್ಮ ಮನೆಗೆ ಜೀಪಿನಲ್ಲಿ, ಗೊಬ್ಬರದ ಮೂಟೆಗಳ ಮಧ್ಯೆ.

ಮೇಜಿನ ಮೇಲಿಟ್ಟು ನೋಡಿದಾಗ ಕಂಡದ್ದು: ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಒಳಗಡೆ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಲಿವರ್ ಎತ್ತಿ ಬಿಟ್ಟರೆ ಧೊಪ್ಪೆಂದು ಬೀಳುತ್ತಿತ್ತು. ತಳದ ಬಣ್ಣ ಎದ್ದು ತುಕ್ಕು ಹಿಡಿದಿತ್ತು. ವೈರ್ ಬಿರುಕು ಬಿಟ್ಟು ಒಳಗಿನ ತಾಮ್ರ ಕಾಣುತ್ತಿತ್ತು. ತಯಾರಿಯ ವರ್ಷದ ಸ್ಟಿಕ್ಕರ್ ಮಾಸಿಹೋಗಿತ್ತು. ಆದರೆ ಪುಡಿ ಹಾಕುವ ಬುಟ್ಟಿಯನ್ನು ವರ್ನಿಯರ್‌ನಲ್ಲಿ ಅಳೆದಾಗ 49 ಮಿ.ಮೀ. ಬಂತು. 2000ದಿಂದ ಈಚಿನವು 51 ಮಿ.ಮೀ. ಹಾಗಾಗಿ ಇದು ಹಳೆಯದೇ. ಬಿಡಿಭಾಗ ತರಿಸುವ ಮುಂಚೆ ಈ ಒಂದು ಅಳತೆ ತಿಳಿದಿರಲೇಬೇಕು, ಹಳೆಯದರ ಗ್ಯಾಸ್ಕೆಟ್ ಹೊಸದಕ್ಕೆ ಕೂರುವುದಿಲ್ಲ.

ಅಪ್ಪ ಒಂದು ಸುತ್ತು ಹಾಕಿ ನೋಡಿ, "ಇದಕ್ಕೆ ಕೊಟ್ಟ ದುಡ್ಡಲ್ಲಿ ಒಂದು ಪವರ್ ಸ್ಪ್ರೇಯರ್ ಬರ್ತಿತ್ತಲ್ಲ" ಅಂದರು. ಮುಂದೆ ಸುಮಾರು ಮೂರು ತಿಂಗಳು ಅದನ್ನೇ ಹೇಳಿದರು.

ಮೇ 25

ಮೊದಲನೇ ತಪ್ಪು. ವೈರ್ ಆ ಸ್ಥಿತಿಯಲ್ಲಿದ್ದರೂ ಇನ್ಸುಲೇಶನ್ ಟೇಪ್ ಸುತ್ತಿ, ನೀರು ತುಂಬಿಸಿ ಪ್ಲಗ್ ಹಾಕಿಬಿಟ್ಟೆ. ಸ್ವಿಚ್ ಒತ್ತಿದ ತಕ್ಷಣ ಇಎಲ್‌ಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಬಿತ್ತು. ಇಡೀ ಮನೆ ಕತ್ತಲೆ. ಮತ್ತೆ ಎತ್ತಿದೆ, ಮತ್ತೆ ಬಿತ್ತು. ಇಎಲ್‌ಸಿಬಿ ಇಲ್ಲದ ಹಳೇ ಮನೆಯಾಗಿದ್ದರೆ ಈ ಲೋಹದ ಡಬ್ಬ ಮುಟ್ಟಿದವರ ಗತಿ ಏನು ಅಂತ ಆಮೇಲೆ ಯೋಚಿಸಿ ಬೆವರಿದೆ. ಹಳೇ ಮಷೀನು ತಂದವರು ಮೊದಲು ಅರ್ತ್ ನೋಡಿ, ಆಮೇಲೆ ಉಳಿದದ್ದು.

ಜೂನ್ 1ರಿಂದ 8

ಮಳೆ ಶುರುವಾಯಿತು. ತೋಟದಲ್ಲಿ ಕೆಲಸ ಕಡಿಮೆ, ಬಿಚ್ಚಲು ಕೂತೆ.

ಲಿವರ್ ಎರಡು ಪಿನ್‌ಗಳ ಮೇಲೆ ನಿಂತಿದೆ. ಪಿನ್ ಜಾರದಂತೆ ತುದಿಗೆ ಸಣ್ಣ ಕ್ಲಿಪ್‌ಗಳಿವೆ. ಮೊದಲ ಮೂರು ಸಲೀಸಾಗಿ ಬಂದವು. ನಾಲ್ಕನೆಯದಕ್ಕೆ ಸ್ಕ್ರೂ ಡ್ರೈವರ್ ಕೊಟ್ಟು ತಿರುವಿದೆ, ಟಣ್ ಅಂತ ಹಾರಿ ಕಿಟಕಿಯಾಚೆ ಕಣಕ್ಕೆ ಬಿತ್ತು. ಮಳೆಯಲ್ಲಿ ಅರ್ಧ ಗಂಟೆ ಟಾರ್ಚ್ ಹಿಡಿದು ಹುಡುಕಿದರೂ ಸಿಗಲಿಲ್ಲ. ಕೊನೆಗೆ ಹೊಲಿಗೆ ಮಷೀನು ರಿಪೇರಿ ಮಾಡುವವರ ಡಬ್ಬಿಯಲ್ಲಿ ಅದೇ ಅಳತೆಯದು ಸಿಕ್ಕಿತು, 10 ರೂಪಾಯಿ. ಈಗ ಕ್ಲಿಪ್ ತೆಗೆಯುವಾಗ ಮಷೀನನ್ನೂ ಕೈಯನ್ನೂ ಒಂದು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಳ್ಳುತ್ತೇನೆ. ಹಾರಿದರೂ ಅಲ್ಲೇ ಇರುತ್ತದೆ.

ಪಿಸ್ಟನ್ ಹೊರಬಂದಾಗ ಲಿವರ್ ಯಾಕೆ ಧೊಪ್ಪೆಂದು ಬೀಳುತ್ತಿತ್ತು ಅಂತ ಗೊತ್ತಾಯಿತು. ಎರಡು ರಬ್ಬರ್ ಸೀಲ್‌ಗಳೂ ಕಲ್ಲಾಗಿದ್ದವು. ಉಗುರಲ್ಲಿ ಒತ್ತಿದರೆ ಪುಡಿಯಾಗುತ್ತಿದ್ದವು. ಅವು ಯಾವ ದಿಕ್ಕಿಗೆ ಮುಖ ಮಾಡಿದ್ದವು ಅಂತ ಫೋಟೋ ತೆಗೆಯಬೇಕಿತ್ತು. ತೆಗೆಯಲಿಲ್ಲ. ಇದರ ಬೆಲೆ ಮುಂದೆ ತೆತ್ತೆ.

ಗಟ್ಟಿ ಕೆಲಸ ಅಂದರೆ ಹೀಟರ್. ಬಾಯ್ಲರ್‌ನ ತಳಕ್ಕೆ ಒಂದು ದೊಡ್ಡ ಸ್ಕ್ರೂನಂತೆ ತಿರುಗಿಸಿ ಕೂರಿಸಿದ್ದಾರೆ. ಅದಕ್ಕೆ ಬೇಕಾದ ಸ್ಪ್ಯಾನರ್ ಬೇರೆ, ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಮೂರು ದಿನ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟೆ. ಆಮೇಲೆ ತಾಳ್ಮೆ ಕೆಟ್ಟು ಉಳಿ, ಸುತ್ತಿಗೆ ಎತ್ತಿಕೊಂಡೆ. ನಾಲ್ಕು ಏಟಿಗೆ ಹಿತ್ತಾಳೆಯ ಅಂಚು ಕಿತ್ತುಬಂತು, ಹೀಟರ್ ಮಾತ್ರ ಕೂದಲೆಳೆಯಷ್ಟೂ ತಿರುಗಲಿಲ್ಲ. ಆ ಏಟಿನ ಗುರುತು ಈಗಲೂ ಇದೆ.

ಕುಶಾಲನಗರದ ಒಂದು ಲೇತ್ ಅಂಗಡಿಗೆ ಹೋಗಿ ರಟ್ಟಿನ ಮೇಲೆ ಬರೆದ ಅಚ್ಚು ಕೊಟ್ಟೆ. 6 ಮಿ.ಮೀ. ಪ್ಲೇಟ್ ಕತ್ತರಿಸಿ, ಎರಡು ಅಡಿ ಹಿಡಿ ವೆಲ್ಡ್ ಮಾಡಿಕೊಟ್ಟರು. 600 ರೂಪಾಯಿ. ಬಾಯ್ಲರ್‌ಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ ವೈಸ್‌ಗೆ ಕಟ್ಟಿದೆ, ಅಪ್ಪ ಹಿಡಿದುಕೊಂಡರು, ನಾನು ಎಳೆದೆ. ಕರ್ ಅಂತ ಒಂದು ಸದ್ದು, ಬಂದೇಬಿಟ್ಟಿತು. ಆ 600 ಮೊದಲೇ ಕೊಟ್ಟಿದ್ದರೆ ಅಂಚೂ ಉಳಿಯುತ್ತಿತ್ತು, ಒಂದು ವಾರವೂ ಉಳಿಯುತ್ತಿತ್ತು.

ಜೂನ್ 9

ಹೀಟರ್ ಮೇಲೆ 3 ಮಿ.ಮೀ. ದಪ್ಪ ಸುಣ್ಣದ ಪೊರೆ. ನಮ್ಮ ಬಾವಿ ನೀರಿನಲ್ಲಿ ಪಾತ್ರೆಗೆ ಇಷ್ಟು ಕಟ್ಟುವುದೇ ಇಲ್ಲ. ಇದು ಬೋರ್‌ವೆಲ್ ನೀರು ಕುಡಿದು ಬೆಳೆದ ಮಷೀನು.

ಅವ್ವ ದೀಪದ ಕಂಬ ಉಜ್ಜುವ ಹಾಗೆ ಹುಣಸೆಹುಳಿಯಲ್ಲಿ ಉಜ್ಜು ಅಂದಳು. ಪಕ್ಕದ ಮನೆ ಅಜ್ಜ ಬಂದು ನೋಡಿ, "ಕಾಚಂಪುಳಿ ಬಿಟ್ರೆ ಒಂದೇ ಗಂಟೆ ಸಾಕು" ಅಂದರು. ಕೆಲಸ ಮಾಡುತ್ತಿತ್ತೋ ಏನೋ. ಆದರೆ ಹಂದಿ ಮಾಂಸಕ್ಕೆ ಚಮಚದ ಲೆಕ್ಕದಲ್ಲಿ ಹಾಕುವ ಕೊಡಗಿನ ಕಪ್ಪು ಹುಳಿ ಕಾಚಂಪುಳಿಯನ್ನು ಬಾಯ್ಲರ್‌ಗೆ ಸುರಿಯಲು ಹೋದರೆ ಅವ್ವ ನನ್ನನ್ನು ಮನೆಗೆ ಸೇರಿಸುತ್ತಿರಲಿಲ್ಲ. ನಿಂಬೆ ಉಪ್ಪು ತಂದೆ, 120 ರೂಪಾಯಿ. ಲೀಟರ್ ಬಿಸಿ ನೀರಿಗೆ 30 ಗ್ರಾಂ.

ಹೀಟರ್ ಎರಡು ಗಂಟೆಯಲ್ಲಿ ಸ್ವಚ್ಛವಾಯಿತು. ಬಾಯ್ಲರ್‌ನೊಳಗೂ ತುಂಬಿಸಿಟ್ಟೆ. ಅಷ್ಟರಲ್ಲಿ ತೋಟದಲ್ಲಿ ಸಿಲ್ವರ್ ಓಕ್ ಬಿದ್ದು ಬೇಲಿ ಮುರಿದಿದೆ ಅಂತ ಕರೆ ಬಂತು. ಹೋದವನು ಮರೆತೇಬಿಟ್ಟೆ. ಮರುದಿನ ಬೆಳಿಗ್ಗೆ ನೋಡಿದರೆ ಒಳಗಿನ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಹುಳಿ ಸುಣ್ಣ ತಿಂದು ಮುಗಿಸಿ, ಹಿತ್ತಾಳೆಯಲ್ಲಿರುವ ಸತುವಿಗೆ ಕೈ ಹಾಕಿತ್ತು. ಅಡಿಗೆ ಸೋಡಾ ನೀರಿನಲ್ಲಿ ತೊಳೆದು, ನೈಲಾನ್ ಬ್ರಶ್‌ನಲ್ಲಿ ಉಜ್ಜಿದ ಮೇಲೆ ಮೇಲ್ಮೈ ಹಳದಿಗೆ ಬಂತು. ಗುಂಡಿ ಬಿದ್ದಿಲ್ಲ, ಬಚಾವ್. ಅರ್ಧ ಗಂಟೆಗೊಮ್ಮೆ ನೋಡಿ, ಗುಳ್ಳೆ ಬರುವುದು ನಿಂತ ತಕ್ಷಣ ಚೆಲ್ಲಿ. ಫೋನಿನಲ್ಲಿ ಅಲಾರಂ ಇಡಿ.

ಜೂನ್ 15ರಿಂದ 22

ಮಲ್ಟಿಮೀಟರ್ ಹಿಡಿದರೆ ಹೀಟರ್‌ನಲ್ಲಿ ಎರಡು ಸುರುಳಿ: ಒಂದು 61 ಓಮ್, ಇನ್ನೊಂದು 243 ಓಮ್. 220 ವೋಲ್ಟ್‌ಗೆ ಲೆಕ್ಕ ಹಾಕಿದರೆ ಸುಮಾರು 800 ವಾಟ್ ಮತ್ತು 200 ವಾಟ್. ಎರಡೂ ಜೀವಂತ. ಹಾಗಾದರೆ ಇಎಲ್‌ಸಿಬಿ ಯಾಕೆ ಬೀಳುತ್ತದೆ?

ಮೋಟಾರ್ ರಿವೈಂಡಿಂಗ್ ಅಂಗಡಿಯ ಅಣ್ಣನ ಹತ್ತಿರ ಇನ್ಸುಲೇಶನ್ ಅಳೆಯುವ ಮೆಗ್ಗರ್ ಇತ್ತು. ಸುರುಳಿಗೂ ಹೊರಗಿನ ಕೊಳವೆಗೂ ಮಧ್ಯೆ ಹಿಡಿದರು. 0.2 ಮೆಗಾಓಮ್, ತೀರಾ ಕಡಿಮೆ. "ಸುಟ್ಟಿಲ್ಲ ಮಾರಾಯ, ತೇವ ಕುಡಿದಿದೆ. ಮಳೆಗಾಲ ಮುಗಿದ ಮೇಲೆ ಪಂಪ್‌ಸೆಟ್‌ಗಳೆಲ್ಲ ಹೀಗೇ ಬರ್ತವೆ" ಅಂದರು. ಕೊಳವೆಯೊಳಗೆ ಸುರುಳಿಯ ಸುತ್ತ ತುಂಬಿರುವ ಬಿಳಿ ಪುಡಿ ಗಾಳಿಯ ತೇವ ಹೀರಿಕೊಳ್ಳುತ್ತದಂತೆ. ಒಣಗಿಸಿದರೆ ಸರಿಹೋಗುತ್ತದೆ. ಒಟ್ಟು ಮೂರು ಸಲದ ಟೆಸ್ಟಿಗೆ ಸೇರಿಸಿ 100 ರೂಪಾಯಿ ತೆಗೆದುಕೊಂಡರು.

ಒಣಗಿಸುವುದು, ಅದೂ ಜೂನ್‌ನಲ್ಲಿ, ಕೊಡಗಿನಲ್ಲಿ. ಇಲ್ಲಿ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ. ಒಲೆ ಮೇಲಿನ ಅಟ್ಟದಲ್ಲಿ ಒಣಗುತ್ತಿದ್ದ ಮಾಂಸದ ಪಕ್ಕ ನಾಲ್ಕು ದಿನ ನೇತುಹಾಕಿದೆ. ಮತ್ತೆ ಮೆಗ್ಗರ್ ಹಿಡಿಸಿದರೆ 0.6. ಹೊಗೆ ವಾಸನೆ ಮಾತ್ರ ಭರ್ಜರಿಯಾಗಿ ಹಿಡಿದಿತ್ತು.

ಆಮೇಲೆ ಅತ್ತಿಗೆಯ ಕೇಕ್ ಓವನ್. 120 ಡಿಗ್ರಿಯಲ್ಲಿ ನಾಲ್ಕು ಗಂಟೆ ಅಂದುಕೊಂಡಿದ್ದೆ. ನಡುವೆ ಎರಡು ಸಲ ಕರೆಂಟ್ ಹೋಯಿತು, ಒಟ್ಟು ಒಂದೂವರೆ ದಿನ ಹಿಡಿಯಿತು. ಕೊನೆಗೆ 40 ಮೆಗಾಓಮ್. ಬಿಸಿ ಇರುವಾಗಲೇ ಎರಡೂ ತುದಿಯ ಬಾಯಿಗೆ ಹೆಚ್ಚು ಶಾಖ ತಡೆಯುವ ಸಿಲಿಕಾನ್ ಸವರಿದೆ, ಮತ್ತೆ ತೇವ ಹೋಗದಂತೆ. ಆ ಟ್ಯೂಬ್ ಮನೆಯಲ್ಲೇ ಇತ್ತು. ಅತ್ತಿಗೆಯ ಮುಂದಿನ ಕೇಕ್ ಸ್ವಲ್ಪ ಹೊಗೆ ಹೊಗೆ ಅನ್ನಿಸಿತು. ನಾನು ಏನೂ ಹೇಳಲಿಲ್ಲ.

ಹೊಸ ವೈರ್, 16 ಆಂಪ್ ಪ್ಲಗ್, ಸ್ವಿಚ್ ಸೇರಿ 460 ರೂಪಾಯಿ. ಒಳಗಿನ ತಂತಿ ಶಾಖ ತಡೆಯುವ ಜಾತಿಯದೇ ಇರಲಿ. ಅರ್ತ್ ತಂತಿಯನ್ನು ತಳದ ಲೋಹಕ್ಕೆ ಹಲ್ಲಿನ ವಾಶರ್ ಹಾಕಿ ಬಿಗಿದೆ.

ಜುಲೈ 4

ಗ್ಯಾಸ್ಕೆಟ್ ಕಿಟ್ ಇಟಲಿಯಿಂದ ಬರಬೇಕು, ಆರ್ಡರ್ ಹಾಕಿ ಆಗಿತ್ತು. ಕಾಯಲು ಆಗದೆ ಇನ್ನೊಂದು ಅವಿವೇಕ ಮಾಡಿದೆ.

ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ಸ್ಪ್ರೇಯರ್‌ನ ಕಪ್ ವಾಶರ್ ನೋಡಲು ಈ ಸೀಲ್‌ನ ತಮ್ಮನಂತೆಯೇ ಇದೆ. ಅಂಗಡಿಯಿಂದ ಹೊಸವು ಎರಡು ತಂದೆ, ತಲಾ 40. ಅಳತೆ ಅರ್ಧ ಮಿ.ಮೀ. ದೊಡ್ಡದು. ಮರಳು ಕಾಗದದಲ್ಲಿ ತಿಕ್ಕಿ ಕೂರಿಸಿದೆ. ತಣ್ಣೀರಿನಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡಿತು. ಅಪ್ಪನನ್ನು ಕರೆದು ತೋರಿಸಿದೆ ಕೂಡ. ಕುದಿಯುವ ನೀರು ಹೊಯ್ದು ಹತ್ತು ನಿಮಿಷ ಬಿಟ್ಟರೆ ರಬ್ಬರ್ ಉಬ್ಬಿ ಪಿಸ್ಟನ್ ಅಲ್ಲೇ ಕಚ್ಚಿಕೊಂಡಿತು. ಟೈರ್ ಸುಟ್ಟ ವಾಸನೆ ಬೇರೆ. ಮರದ ತುಂಡು ಇಟ್ಟು ಹೊಡೆದು ತೆಗೆಯಬೇಕಾಯಿತು.

ಕೆಲಸ ಮಾಡಿದ್ದರೂ ಇದನ್ನು ಬಳಸಬಾರದಿತ್ತು. ಮೈಲುತುತ್ತ ಹೊಡೆಯಲು ಮಾಡಿದ ರಬ್ಬರ್ ಮೂಲಕ ಬಂದ ಬಿಸಿ ನೀರನ್ನು ಯಾರು ಕುಡಿಯುತ್ತಾರೆ?

ಜುಲೈ 20

ಕಿಟ್ ಬಂತು. 2,900, ಅದರ ಮೇಲೆ ಕಸ್ಟಮ್ಸ್ ಮತ್ತು ಅಂಚೆ 1,340. ಎಲ್ಲ ಗ್ಯಾಸ್ಕೆಟ್ ಒಂದು ಸಣ್ಣ ಚೀಲದಲ್ಲಿ. ಒಂದು ಹಿಡಿ ರಬ್ಬರ್‌ಗೆ ನಾಲ್ಕು ಸಾವಿರ ಚಿಲ್ಲರೆ ಅಂತ ಮನೆಯಲ್ಲಿ ಹೇಳಲು ಧೈರ್ಯ ಆಗಲಿಲ್ಲ.

ಈಗ ಈ ಇಡೀ ಕೆಲಸದ ದುಬಾರಿ ತಪ್ಪಿಗೆ ಬಂದೆ. ಪಿಸ್ಟನ್ ಸೀಲ್‌ಗೆ ಒಂದು ಕಡೆ ತುಟಿ ಇದೆ. ನೀರಿನ ಒತ್ತಡ ಆ ತುಟಿಯನ್ನು ಅಗಲಿಸಿ ಗೋಡೆಗೆ ಅಂಟಿಸುತ್ತದೆ. ಕೆಳಗಿನ ಸೀಲ್‌ನ ತುಟಿ ಕೆಳಕ್ಕೆ, ಕಾಫಿಯ ಕಡೆಗೆ. ಮೇಲಿನ ಸೀಲ್‌ನ ತುಟಿ ಮೇಲಕ್ಕೆ. ಎರಡೂ ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು. ಫೋಟೋ ಇಲ್ಲದ ನಾನು ಎರಡನ್ನೂ ಕೆಳಮುಖ ಹಾಕಿದೆ.

ಜೋಡಿಸಿ, ಲಿವರ್ ಎತ್ತಿದೆ. ಪಿಸ್ಟನ್ ಮೇಲ್ಗಡೆಯಿಂದ ನೀರು ಸೋರಿ ಗ್ರೂಪ್‌ನಿಂದ, ಅಂದರೆ ಪಿಸ್ಟನ್ ಕೂತಿರುವ ಮೂತಿಯಿಂದ, ತೊಟ್ಟಿಕ್ಕತೊಡಗಿತು. ತಪ್ಪು ತಿಳಿಯಿತು. ಬಿಚ್ಚಿದೆ, ಮೇಲಿನದನ್ನು ತಿರುಗಿಸಿ ಹಾಕಿದೆ. ರಾತ್ರಿ ಹನ್ನೊಂದಾಗಿತ್ತು. ಇವತ್ತೇ ಮುಗಿಸಬೇಕು ಅನ್ನುವ ಹಟ. ಮೇಲ್ಮುಖವಾದ ತುಟಿ ಸಿಲಿಂಡರ್‌ನ ಅಂಚಿಗೆ ಸಿಕ್ಕಿಕೊಂಡಿದ್ದು ಕಾಣಲಿಲ್ಲ, ಒತ್ತಿದೆ. ಸೀಲ್ ಕಾಲು ಭಾಗ ಸೀಳಿಹೋಯಿತು. ಹೊಸ ಜೋಡಿಗೆ ಮತ್ತೆ ಆರ್ಡರ್, 1,750 ರೂಪಾಯಿ, ಮೂರು ವಾರ.

ಸರಿಯಾದ ದಾರಿ ಇದು: ಸೀಲ್‌ಗಳನ್ನು ಹತ್ತು ನಿಮಿಷ ಬಿಸಿ ನೀರಲ್ಲಿಟ್ಟು ಮೆದು ಮಾಡಬೇಕು. ಆಹಾರಕ್ಕೆ ಬಳಸುವ ಸಿಲಿಕಾನ್ ಗ್ರೀಸ್ ತೆಳುವಾಗಿ ಸವರಬೇಕು. ಮೊಂಡಾದ ಪ್ಲಾಸ್ಟಿಕ್ ಚಮಚದ ತುದಿಯಿಂದ ತುಟಿಯನ್ನು ಸುತ್ತಲೂ ಒಳಕ್ಕೆ ಮಡಚುತ್ತಾ ಪಿಸ್ಟನ್ ಅನ್ನು ಕೂರಿಸಬೇಕು. ಬೆಳಕಿರುವ ಹೊತ್ತಿನಲ್ಲಿ ಮಾಡಬೇಕು. ಗ್ರೀಸ್ ಟ್ಯೂಬ್ ಕಿಟ್ ಜೊತೆಯಲ್ಲೇ ಬಂದಿತ್ತು.

ಕಾಯುವ ದಿನಗಳಲ್ಲಿ ತಳದ ತುಕ್ಕು ಉಜ್ಜಿ, ಪ್ರೈಮರ್ ಮತ್ತು ಕಪ್ಪು ಬಣ್ಣ ಹೊಡೆದೆ, 380 ರೂಪಾಯಿ. ಕಕ್ಕಡದ (ಕೊಡವರ ಜೋರು ಮಳೆಯ ತಿಂಗಳು) ಗಾಳಿಯಲ್ಲಿ ಬಣ್ಣ ಹೊಡೆಯಬೇಡಿ. ಆರು ದಿನವಾದರೂ ಬೆರಳಿಗೆ ಅಂಟುತ್ತಿತ್ತು. ಈಗ ಒಂದು ಮೂಲೆಯಲ್ಲಿ ಸುಕ್ಕುಗಟ್ಟಿದೆ.

ಆಗಸ್ಟ್ 11ರಿಂದ 14

ಎರಡನೇ ಜೋಡಿ ಸೀಲ್ ಬಂತು. ಹಗಲಲ್ಲಿ, ಚಮಚ ಹಿಡಿದು, ಇಪ್ಪತ್ತು ನಿಮಿಷದಲ್ಲಿ ಕೂರಿಸಿದೆ. ತಣ್ಣೀರು ತುಂಬಿಸಿ ಒಂದು ರಾತ್ರಿ ಬಿಟ್ಟೆ. ಕೆಳಗಿಟ್ಟ ಪೇಪರ್ ಬೆಳಿಗ್ಗೆ ಒಣಗಿಯೇ ಇತ್ತು.

ಈ ಹಳೇ ಮಷೀನಿನಲ್ಲಿ ಶಾಖ ತಾನಾಗಿ ನಿಲ್ಲಿಸುವ ವ್ಯವಸ್ಥೆ ಇಲ್ಲ. ಸ್ವಿಚ್‌ನಲ್ಲಿ ಜಾಸ್ತಿ, ಕಡಿಮೆ ಅಂತ ಎರಡೇ. ಪ್ರೆಷರ್ ಮಿತಿ ಮೀರಿದರೆ ಸೇಫ್ಟಿ ವಾಲ್ವ್ ಹಬೆ ಬಿಡಬೇಕು. ಅದನ್ನು ನಂಬಿ ಕೂರಲು ಭಯವಾಗಿ, ಗಾಜಿನ ಕೊಳವೆಯ ನೆತ್ತಿಗೆ ಕೂರುವ ಪ್ರೆಷರ್ ಮೀಟರ್ ಕಿಟ್ ತರಿಸಿದ್ದೆ. 3,600. ಕೊಡುವಾಗ ದಂಡ ಅನ್ನಿಸಿತ್ತು.

ಸ್ವಿಚ್ ಹಾಕಿದೆ. ಇಎಲ್‌ಸಿಬಿ ಬೀಳಲಿಲ್ಲ. ಹತ್ತು ನಿಮಿಷದಲ್ಲಿ ಮುಳ್ಳು ಎದ್ದಿತು. 0.8 ಬಾರ್, 1.0, 1.2. ವಾಲ್ವ್ ತುಟಿ ಪಿಟಕ್ ಅನ್ನಲಿಲ್ಲ. ಪ್ಲಗ್ ಕಿತ್ತು ಹೊರಗೋಡಿದೆ. ಸುಳ್ಳೇಕೆ, ಓಡಿದೆ. ತಣ್ಣಗಾದ ಮೇಲೆ ಬಿಚ್ಚಿದರೆ ಒಳಗಿನ ಸಣ್ಣ ಗುಂಡು ಸುಣ್ಣದಲ್ಲಿ ಅಂಟಿಕೊಂಡಿತ್ತು. ಬಾಯ್ಲರ್ ಸ್ವಚ್ಛ ಮಾಡಿದವನು ವಾಲ್ವ್ ಬಿಚ್ಚಿಯೇ ಇರಲಿಲ್ಲ. ನಿಂಬೆ ಉಪ್ಪಿನಲ್ಲಿ ಅರ್ಧ ಗಂಟೆ, ಈ ಸಲ ಅಲಾರಂ ಇಟ್ಟು. ಮತ್ತೆ ಹಾಕಿದಾಗ 0.9 ದಾಟುತ್ತಿದ್ದಂತೆ ಸುಸ್ ಅಂದಿತು. ಅದರಷ್ಟು ಇಂಪಾದ ಸದ್ದು ಇತ್ತೀಚೆಗೆ ಕೇಳಿಲ್ಲ. ಮೀಟರ್ ಇಲ್ಲದಿದ್ದರೆ ನಾನು ಲೋಟ ಹಿಡಿದುಕೊಂಡು ಪಕ್ಕದಲ್ಲೇ ನಿಂತಿರುತ್ತಿದ್ದೆ.

ಎರಡು ಕಟ್ಟುನಿಟ್ಟಿನ ನಿಯಮ ಗೋಡೆಗೆ ಅಂಟಿಸಿದ್ದೇನೆ. ನೀರು ಗಾಜಿನಲ್ಲಿ ಕಾಣದಿದ್ದರೆ ಸ್ವಿಚ್ ಮುಟ್ಟಬಾರದು, ಹೀಟರ್ ಸುಟ್ಟುಹೋಗುತ್ತದೆ. ಸ್ಟೀಮ್ ತಿರುಪು ತೆರೆದು ಹಬೆ ಪೂರ್ತಿ ಹೋಗುವವರೆಗೆ ಮೇಲಿನ ಮುಚ್ಚಳ ಬಿಚ್ಚಬಾರದು.

ಆಗಸ್ಟ್ 17

ಮೊದಲ ಕಾಫಿ. ಡಬ್ಬಿಯಲ್ಲಿದ್ದ ಫಿಲ್ಟರ್ ಪುಡಿಯನ್ನೇ ಹಾಕಿದೆ, ಚಿಕೋರಿ ಬೆರೆತದ್ದು. ಲಿವರ್ ಎತ್ತಿ, ಎಂಟು ಸೆಕೆಂಡ್ ಕಾದು, ಒತ್ತಿದೆ. ಕಲ್ಲು. ಇಡೀ ಮೈ ಭಾರ ಹಾಕಿದೆ, ಎರಡು ಹನಿ ಬಂತು. ಪುಡಿ ಅಂಟಾಗಿ ಗಾರೆಯಂತೆ ಕೂತಿತ್ತು. ಒಳಗೆ ಒತ್ತಡ ಇನ್ನೂ ಇದೆ ಅಂತ ಯೋಚಿಸದೆ ಪುಡಿಯ ಬುಟ್ಟಿ ಇರುವ ಹಿಡಿಯನ್ನು ತಿರುಗಿಸಿ ತೆಗೆದೆ. ಢಂ. ಬಿಸಿ ಕಾಫಿ ಗಷ್ಟು ಗೋಡೆಗೆ, ಹಂಚಿಗೆ, ನನ್ನ ಅಂಗಿಗೆ, ಕ್ಯಾಲೆಂಡರ್‌ಗೆ. ಮುಂಗೈ ಮೇಲೆ ಎರಡು ಬೊಬ್ಬೆ. ಕಾಫಿ ಕಟ್ಟಿಕೊಂಡರೆ ಸ್ವಿಚ್ ಆರಿಸಿ, ಹಬೆ ಬಿಟ್ಟು, ಐದು ನಿಮಿಷ ದೂರ ಹೋಗಿ.

"ಬೋರ್ಡೋ ಹೊಡೆದ ಹಾಗೆ ಆಯ್ತು. ಸ್ಪ್ರೇಯರ್ ಕೊಂಡಿದ್ರೆ ತೋಟಕ್ಕಾದ್ರೂ ಹೊಡೀಬಹುದಿತ್ತು" ಅಂದರು ಅಪ್ಪ.

ಆಗಸ್ಟ್ 23ರಿಂದ

ನಮ್ಮದೇ ತೋಟದ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ) ರೋಬಸ್ಟಾ, ನೆಂಟರ ಮನೆಯ ಅರೇಬಿಕಾ, ಅರ್ಧರ್ಧ. ಕಬ್ಬಿಣದ ಬಾಣಲೆಯಲ್ಲಿ ಹುರಿದು, ಮೂರು ದಿನ ಬಿಟ್ಟು, ಕೈ ಗ್ರೈಂಡರ್‌ನಲ್ಲಿ ಬೀಸಿದೆ. ಉಪ್ಪಿಗಿಂತ ನುಣುಪು, ಮೈದಾಗಿಂತ ತರಿ. ಬುಟ್ಟಿಗೆ 14 ಗ್ರಾಂ. ಮೊದಲು ಸ್ಟೀಮ್ ತಿರುಪನ್ನು ಒಂದು ಕ್ಷಣ ತೆರೆದು ಒಳಗೆ ಸಿಕ್ಕ ಗಾಳಿ ಬಿಡಬೇಕು. ಇಲ್ಲದಿದ್ದರೆ ಮುಳ್ಳು 0.8 ತೋರಿಸಿದರೂ ನೀರು ಅಷ್ಟು ಬಿಸಿ ಇರುವುದಿಲ್ಲ. ಲಿವರ್ ಎತ್ತಿ ಎಂಟು ಸೆಕೆಂಡ್, ಒತ್ತಲು ಇಪ್ಪತ್ತೈದು ಸೆಕೆಂಡ್, ಲೋಟದಲ್ಲಿ 30 ಮಿ.ಲೀ.

ಏಳು ಸಲ ಕೆಟ್ಟಿತು. ಎಂಟನೆಯದರಲ್ಲಿ ಜೇನಿನಂತೆ ಎಳೆ ಬಿಟ್ಟು ಇಳಿಯಿತು. ರೋಬಸ್ಟಾ ಇದ್ದುದಕ್ಕೆ ಮೇಲಿನ ಕೆನೆ ದಪ್ಪ, ಸಕ್ಕರೆ ಹಾಕಿದರೆ ಒಂದು ಕ್ಷಣ ಮೇಲೇ ನಿಂತು ಮುಳುಗುತ್ತದೆ. ಸತತ ಮೂರನೇ ಲೋಟಕ್ಕೆ ಗ್ರೂಪ್ ಕಾದು ಕಾಫಿ ಸುಟ್ಟ ಕಹಿ ಬರುತ್ತದೆ. ಆಗ ಗ್ರೂಪ್ ಮೇಲೆ ಒದ್ದೆ ಬಟ್ಟೆ ಸುತ್ತಿ ಎರಡು ನಿಮಿಷ ಬಿಡುತ್ತೇನೆ. ನೆಂಟರು ಆರು ಜನ ಬಂದರೆ ಈ ಮಷೀನು ನಂಬಬೇಡಿ, ಫಿಲ್ಟರ್ ಇಡಿ.

"ನಮ್ಮ ಬೀಜ ಇಟಲಿಗೆ ಹೋಗುತ್ತೆ, ಅವರ ಮಷೀನು ನಮ್ಮನೆಗೆ ಬಂತು" ಅಂತ ಇದುವರೆಗೆ ಐದು ಜನ ಹೇಳಿದ್ದಾರೆ. ಭಾರತದ ಕಾಫಿಯನ್ನು ಎಲ್ಲರಿಗಿಂತ ಜಾಸ್ತಿ ಕೊಳ್ಳುವುದು ಇಟಲಿಯೇ, ಮಾತು ಸುಳ್ಳಲ್ಲ. ಆದರೂ ಆರನೆಯವರು ಬೇಡ.

ಸೆಪ್ಟೆಂಬರ್ 3

ಕೈಲ್ ಮುಹೂರ್ತ, ಕೊಡವರ ಆಯುಧಪೂಜೆಯ ಹಬ್ಬ. ಕೋವಿ, ಕತ್ತಿಗಳನ್ನು ಒರೆಸಿ ಜೋಡಿಸಿ ಹೂವಿಟ್ಟರು. ನೋಡಿದರೆ ಸಾಲಿನ ತುದಿಯಲ್ಲಿ ಲೇತ್‌ನವರು ಮಾಡಿಕೊಟ್ಟ ಆ ಸ್ಪ್ಯಾನರ್ ಇತ್ತು, ಅದಕ್ಕೂ ಒಂದು ತೋಕ್ ಹೂವು (ಕೋವಿಗೆ ಇಡುವ ಹೂವು). ಇಟ್ಟವರು ಅಪ್ಪನೇ. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವ್ವ ತನ್ನ ಪಾಲಿನ 30 ಮಿ.ಲೀ.ಗೆ ಒಂದು ಲೋಟ ಬಿಸಿ ನೀರು ಬೆರೆಸಿ, ಬೆಲ್ಲ ಹಾಕಿಕೊಂಡು ಕುಡಿದಳು. "ಈಗ ಕಾಫಿ ಆಯ್ತು ನೋಡು" ಅಂದಳು.

ಇದುವರೆಗೆ ಮಷೀನಿನ ಖರ್ಚು 26,190 ರೂಪಾಯಿ. ಅದರಲ್ಲಿ ಕಪ್ ವಾಶರ್, ಎರಡನೇ ಜೋಡಿ ಸೀಲ್, ಹಾರಿಹೋದ ಕ್ಲಿಪ್ ಸೇರಿ 1,840 ಬರೀ ನನ್ನ ಅವಸರದ ಬಾಬ್ತು. ಬಾಕಿ ಇರುವ ಕೆಲಸ: ಸ್ಟೀಮ್ ತಿರುಪಿನಿಂದ ಈಗಲೂ ನಿಮಿಷಕ್ಕೆ ನಾಲ್ಕು ಹನಿ ತೊಟ್ಟಿಕ್ಕುತ್ತಿದೆ. ಪ್ಯಾಕಿಂಗ್‌ಗೆ ಆರ್ಡರ್ ಹಾಕಿದ್ದೇನೆ. ಅಲ್ಲಿಯವರೆಗೆ ಕೆಳಗೊಂದು ಸ್ಟೀಲ್ ಲೋಟ ಇಟ್ಟಿದೆ.